ಗಜಗಳ ಲೆಕ್ಕ, ಮೈಯ ಲೆಕ್ಕ

ಓಡುವುದನ್ನೇ ಕಸುಬಾಗಿಸಿಕೊಂಡ ಮನುಷ್ಯನೊಬ್ಬ ಐವತ್ತು ದಾಟುವಷ್ಟರಲ್ಲಿ ನಾಲ್ಕು ಹೆಜ್ಜೆ ನಡೆಯಲೂ ಆಸರೆ ಬೇಡುವಂತಾದರೆ ಅದನ್ನು ಏನೆಂದು ಕರೆಯೋಣ? ಹಣೆಬರಹವೆಂದೇ, ಕಸುಬಿನ ಫಲವೆಂದೇ? ಅಮೆರಿಕನ್ ಫುಟ್‌ಬಾಲ್ ಆಟಗಾರ ಅರ್ಲ್ ಕ್ಯಾಂಪ್‌ಬೆಲ್‌ನ ಬದುಕನ್ನು ತಿಳಿದಂದಿನಿಂದ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ.

ಕಬಡ್ಡಿ, ಕ್ರಿಕೆಟ್ ನೋಡಿ ಬೆಳೆದ ನಮಗೆ ಆ ಆಟದ ತಲೆಬುಡ ತಿಳಿದಿರಲಿಲ್ಲ. ಟೆಕ್ಸಾಸ್‌ನಲ್ಲಿ ಕೆಲಸಕ್ಕಿರುವ ನಮ್ಮ ಆಪಾನ ಮಗ ರಜೆಗೆ ಬಂದಾಗ ಹಳೆಯ ಪಂದ್ಯಗಳನ್ನು ತೋರಿಸಿ ಬಿಡಿಸಿ ಹೇಳಿದ. ಹೆಸರು ಫುಟ್‌ಬಾಲ್, ಆದರೆ ಚೆಂಡು ಹೆಚ್ಚಾಗಿ ಕೈಯಲ್ಲೇ. ಒಂದೊಂದು ಕಡೆ 11 ಜನ. ನಾಲ್ಕು ಯತ್ನಗಳಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಯತ್ನ. ರನ್ನಿಂಗ್ ಬ್ಯಾಕ್ ಎಂಬವನು ಚೆಂಡನ್ನು ಅವಚಿಕೊಂಡು ಎದುರಾಳಿಗಳ ಗೋಡೆಯೊಳಗೆ ನುಗ್ಗಬೇಕು. ಕಬಡ್ಡಿಯಲ್ಲಿ ಸಿಗದೆ ಮರಳುವುದೇ ಜಾಣತನ. ಇಲ್ಲಿ ಹೆಚ್ಚಿನ ಓಟಗಳು ಮುಗಿಯುವುದೇ ಯಾರಾದರೂ ಕೆಡವಿದಾಗ. "ಮಾಮೂ, ಬೀಳೋದೂ ಅವನ ಡ್ಯೂಟೀನೇ" ಎಂದ ಹುಡುಗ.

ಕ್ಯಾಂಪ್‌ಬೆಲ್ ಹುಟ್ಟಿದ್ದು 1955ರಲ್ಲಿ, ಟೆಕ್ಸಾಸ್‌ನ ಟೈಲರ್‌ನಲ್ಲಿ. ಗುಲಾಬಿ ಬೆಳೆಗೆ ಹೆಸರಾದ ಊರದು. ಬಡ ಕರಿಯರ ಮನೆಯ 11 ಮಕ್ಕಳಲ್ಲಿ ಆತ ಆರನೆಯವನು. ತಂದೆ ಬೇಗ ತೀರಿಕೊಂಡರು. ತಾಯಿ ಆನ್ ಗುಲಾಬಿ ತೋಟಗಳಲ್ಲಿ ದುಡಿದು ಮಕ್ಕಳನ್ನು ಸಾಕಿದರು. ಆ ಹುಡುಗನಿಗಿದ್ದ ಬಂಡವಾಳ ಒಂದೇ: ಬಲವಾದ ತೊಡೆಗಳ ಮೈ. ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಆಡಿ 1977ರಲ್ಲಿ ಕಾಲೇಜು ಆಟಗಾರರ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಪಡೆದ. ಮರುವರ್ಷ ಹ್ಯೂಸ್ಟನ್ ಆಯ್ಲರ್ಸ್ ತಂಡ ಸೇರಿದ. ಬಂದ ಹಣದಲ್ಲಿ ತಾಯಿಗೊಂದು ಮನೆ ಕಟ್ಟಿಸಿಕೊಟ್ಟ.

ಹ್ಯೂಸ್ಟನ್‌ನಲ್ಲಿ ಆತ ತಪ್ಪಿಸಿಕೊಂಡು ಓಡುವುದಕ್ಕಿಂತ ಗುದ್ದಿ ದಾಟುವುದೇ ಹೆಚ್ಚು. 1978ರ ಪಂದ್ಯವೊಂದರಲ್ಲಿ ಎದುರಿಗೆ ಬಂದವನ ಎದೆಗೆ ತಲೆಯಿಂದ ಗುಮ್ಮಿ, ಎಳೆದಾಡಿದವರ ಕೈಯಲ್ಲಿ ಅಂಗಿ ಚಿಂದಿಯಾದರೂ ಓಡುತ್ತಲೇ ಇದ್ದ. ಆ ದೃಶ್ಯ ನೋಡಿ 'ವಾಹ್' ಎನ್ನದವರು ಯಾರು? ನಾವೂ ಅಂದೆವು. 1978, 79, 80, ಸತತ ಮೂರು ವರ್ಷ ಲೀಗಿನಲ್ಲಿ ಅತಿ ಹೆಚ್ಚು ಗಜ ಓಡಿದವನು ಆತನೇ. 1980ರಲ್ಲಿ 373 ಸಲ ಚೆಂಡು ಹೊತ್ತು 1,934 ಗಜ ಓಡಿದ. ಗೆಲುವು ಬೇಕೆಂದರೆ ಚೆಂಡು ಆತನ ಕೈಗೆ. ಮಳೆ ಬಂದಷ್ಟೂ ಅದೇ ಹೊಲ ಉತ್ತ ಹಾಗೆ. ಆದರೆ ಹೊಲವನ್ನಾದರೂ ರೈತ ಒಂದು ವರ್ಷ ಬೀಳು ಬಿಡುತ್ತಾನೆ.

1984ರಲ್ಲಿ ಆತನನ್ನು ನ್ಯೂ ಆರ್ಲಿಯನ್ಸ್ ತಂಡಕ್ಕೆ ಕೊಟ್ಟರು. 1986ರಲ್ಲಿ ಆಟ ನಿಲ್ಲಿಸಿದಾಗ ವಯಸ್ಸು 31. ಹೊತ್ತ ಚೆಂಡು 2,187 ಸಲ, ಓಡಿದ್ದು 9,407 ಗಜ. 1991ರಲ್ಲಿ ಹಾಲ್ ಆಫ್ ಫೇಮ್ ಗೌರವವೂ ಬಂತು. ಆಮೇಲೆ ಬಂದದ್ದು ಮಂಡಿ, ಬೆನ್ನುಗಳ ಶಸ್ತ್ರಚಿಕಿತ್ಸೆಗಳು, ಗಾಲಿಕುರ್ಚಿ. ನೋವಿನ ಮಾತ್ರೆ, ಮದ್ಯಗಳ ಚಟದಿಂದ ಹೊರಬರಲು 2009ರಲ್ಲಿ ಚಿಕಿತ್ಸಾ ಕೇಂದ್ರ ಸೇರಬೇಕಾಯಿತು. ಹೊರಬಂದದ್ದೂ ನಿಜ. ಅದು ಯಾವ ಟ್ರೋಫಿಗೂ ಕಡಿಮೆಯದಲ್ಲ.

ಅದೇ ಕಸುಬಿನ ಬ್ಯಾರಿ ಸ್ಯಾಂಡರ್ಸ್ ಕೂಡ 31ರಲ್ಲೇ ಆಟ ಬಿಟ್ಟವನು. 1999ರಲ್ಲಿ ಆತನಿಗೆ ಎಲ್ಲ ಕಾಲದ ದಾಖಲೆ ಸರಿಗಟ್ಟಲು 1,457 ಗಜಗಳಷ್ಟೇ ಬೇಕಿತ್ತು; ಒಂದು ವರ್ಷದ ಕೆಲಸ. ಗಟ್ಟಿಮುಟ್ಟಾಗಿದ್ದಾಗಲೇ 'ಸಾಕು' ಎಂದು ಎದ್ದುಹೋದ. ಅಭಿಮಾನಿಗಳು ಬೇಸರಪಟ್ಟರು. ನಮ್ಮ ಬೇಸರಕ್ಕಾಗಿ ಆತ ತನ್ನ ಮಂಡಿಗಳನ್ನು ಒಪ್ಪಿಸಬೇಕಿತ್ತೇ?

2020ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯ ತನ್ನ ಆಟದ ಅಂಗಳಕ್ಕೆ ಕ್ಯಾಂಪ್‌ಬೆಲ್ ಮತ್ತು ಇನ್ನೊಬ್ಬ ಆಟಗಾರ ರಿಕಿ ವಿಲಿಯಮ್ಸ್‌ನ ಹೆಸರಿಟ್ಟಿತು. ಒಳ್ಳೆಯದೇ. ಆ ತಾಯಿಯ ಮನೆಯನ್ನು ನೆನೆದರೆ, ಕ್ಯಾಂಪ್‌ಬೆಲ್ ಓಡಬಾರದಿತ್ತು ಎನ್ನಲು ನಾಲಿಗೆ ಏಳುವುದಿಲ್ಲ. ಬಡವರ ಮಗನಿಗೆ ಬೇರೆ ಯಾವ ದಾರಿ ತೆರೆದಿತ್ತು? ಆದರೆ ಓಡಿದ ಒಂದೊಂದು ಗಜವನ್ನೂ ಅಳೆದು ಬರೆದಿಟ್ಟವರು, ಆ 2,187 ಸಲವೂ ಆತನ ಮೈಗೆ ಏನಾಯಿತು ಎಂಬುದನ್ನು ಯಾವ ಪುಸ್ತಕದಲ್ಲೂ ಬರೆಯಲಿಲ್ಲ. ಆ ಲೆಕ್ಕವನ್ನು ಮೈಯೇ ಬರೆದಿಟ್ಟುಕೊಂಡಿತು.