ಗಡಿಯಾಚೆಗೆ ಸಂಸಾರ ಹೂಡುವುದು

ಬೇರೆ ರಾಜ್ಯದ ಹಳ್ಳಿಗೆ ಸಂಸಾರ ಸಮೇತ ಹೋಗಿ ನೆಲೆಸುವ ಯೋಚನೆ ಮಾಡಿದವರು ಮೊದಲು ವಿಚಾರಿಸುವುದು ಎಕರೆಗೆ ಎಷ್ಟು ಎಂದು. ಆಮೇಲೆ ನೀರಿನ ವಿಚಾರ, ರಸ್ತೆಯ ವಿಚಾರ, ಪಹಣಿಯಲ್ಲಿ ತಕರಾರಿದೆಯೇ ಎಂಬ ವಿಚಾರ. ಇವೆಲ್ಲ ಬೇಕಾದವೇ. ಆದರೆ ಕಳೆದ ನೂರು ವರ್ಷಗಳಲ್ಲಿ ಹೀಗೆ ಗಡಿ ದಾಟಿದ ರೈತ ಕುಟುಂಬಗಳ ಕಥೆಯನ್ನು ನೋಡಿದರೆ, ಇಡೀ ಕೆಲಸದಲ್ಲಿ ಅತಿ ಸುಲಭದ್ದು ಹೊಲ ಕೊಳ್ಳುವುದೇ ಎಂದು ನನಗೆ ಖಚಿತವಾಗಿದೆ. ಹೊಲ ಯಜಮಾನನ ಹೆಸರಿಗೆ ಒಂದು ದಿನದಲ್ಲಿ ನೋಂದಣಿಯಾಗುತ್ತದೆ. ಸಂಸಾರ ಆ ಊರಿನದಾಗಲು ಒಂದು ತಲೆಮಾರು ಹಿಡಿಯುತ್ತದೆ, ಕೆಲವು ಕಡೆ ಎರಡು. ಅದು ಬೇಗ ಆಗುವುದೋ ತಡವಾಗುವುದೋ ಎಂಬುದು ಬಂದವರ ಅನುಕೂಲದ ಮೇಲೆ ನಿಂತಿಲ್ಲ. ಎಷ್ಟು ವಿಷಯಗಳಿಗೆ ಅವರು ಆ ಊರಿನವರನ್ನೇ ನೆಚ್ಚಿಕೊಂಡರು ಎಂಬುದರ ಮೇಲೆ ನಿಂತಿದೆ. ಬೇಕಾದದ್ದನ್ನೆಲ್ಲ ತಮ್ಮೊಂದಿಗೇ ತಂದವರು ಹೊಲದಲ್ಲಿ ಬೇಗ ಗೆದ್ದಿದ್ದಾರೆ, ಊರಿನೊಳಗೆ ತಡವಾಗಿ ಸೇರಿದ್ದಾರೆ.

ಇದಕ್ಕೆ ನಮ್ಮ ಕಣ್ಣೆದುರಿಗಿರುವ ದೊಡ್ಡ ಸಾಕ್ಷಿ ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ: ಗಂಗಾವತಿ, ಸಿಂಧನೂರು, ಮಾನ್ವಿ. ಹೊಸಪೇಟೆಯ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯತೊಡಗಿದಾಗ ಈ ಸೀಮೆ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ಅದೇ ವರ್ಷ ಅಕ್ಟೋಬರ್ 1ರಂದು ಮದ್ರಾಸಿನಿಂದ ಬೇರೆಯಾಗಿ ಆಂಧ್ರ ರಾಜ್ಯ ಹುಟ್ಟಿತು. ಕೃಷ್ಣಾ, ಗೋದಾವರಿ, ಗುಂಟೂರು ಕಡೆಯ ರೈತರು ಅಲ್ಲಿನ ತುಂಡು ಜಮೀನು ಮಾರಿ, ಅದೇ ದುಡ್ಡಿಗೆ ಇಲ್ಲಿ ಹಲವು ಪಟ್ಟು ಎರೆ ಭೂಮಿ ಕೊಂಡರು. ಹೈದರಾಬಾದ್ ರಾಜ್ಯವೆಂದು ಮೊದಮೊದಲು ಬಂದವರು 1956ರ ನವೆಂಬರಿನಲ್ಲಿ, ಕುಳಿತಲ್ಲೇ, ಮೈಸೂರು ರಾಜ್ಯದವರಾದರು. ಅವರು ತಂದದ್ದು ದುಡ್ಡನ್ನು ಮಾತ್ರವಲ್ಲ. ಧವಳೇಶ್ವರದ ಅಣೆಕಟ್ಟು 1852ರಲ್ಲಿ ಮುಗಿದಿತ್ತು, ಬೆಜವಾಡದ್ದು 1855ರಲ್ಲಿ. ಹೀಗಾಗಿ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುವ ನೂರು ವರ್ಷದ ಪಳಗಿಕೆ ಅವರ ಕೈಯಲ್ಲಿತ್ತು. ಇಲ್ಲಿನ ರೈತನದು ಜೋಳ, ಹತ್ತಿಯ ಒಣಬೇಸಾಯ. ಎರೆ ಹೊಲದಲ್ಲಿ ನೀರು ನಿಂತರೆ ಭೂಮಿ ಕೆಡುತ್ತದೆ ಎಂಬ ಅನುಭವದ ಅಂಜಿಕೆ ಅವನಿಗಿತ್ತು. ನೆಲ ಮಟ್ಟ ಮಾಡಿ ಮಡಿ ಕಟ್ಟಲು ಬೇಕಾದ ಬಂಡವಾಳ ಇರಲಿಲ್ಲ. ಮಾರಿದವನನ್ನು ದಡ್ಡನೆಂದೂ ಕೊಂಡವನನ್ನು ಮೋಸಗಾರನೆಂದೂ ಕರೆಯುವ ಮಾತು ಈಗಲೂ ಕೇಳಿಬರುತ್ತದೆ. ಎರಡೂ ಅನ್ಯಾಯದ ಮಾತು. ಅಂದಿನ ತಿಳಿವಳಿಕೆಯಲ್ಲಿ ಇಬ್ಬರ ಲೆಕ್ಕವೂ ಸರಿಯಿತ್ತು.

ಬಂದವರು ಒಂಟಿ ಸಂಸಾರಗಳಾಗಿ ಬರಲಿಲ್ಲ, ನಂಟರಿಷ್ಟರೆಲ್ಲ ಗುಂಪಾಗಿ ಬಂದರು. ಹಳೆಯ ಊರಿನೊಳಗೆ ಮನೆ ಹುಡುಕದೆ, ಕೊಂಡ ಜಮೀನಿನ ಹತ್ತಿರ, ಕಾಲುವೆಯ ಆಸುಪಾಸಿನಲ್ಲಿ ಹೊಸ ವಸತಿಗಳನ್ನು ಕಟ್ಟಿಕೊಂಡರು. ಅವೇ ಇಂದಿನ ಕ್ಯಾಂಪ್‌ಗಳು. ಅಲ್ಲಿಗೆ ರಾಮಮಂದಿರ ಬಂತು, ಅಂಗಡಿ ಬಂತು, ಕೈಸಾಲ ಕೊಡುವವರು ಬಂದರು, ಅಕ್ಕಿ ಗಿರಣಿಗಳು ಎದ್ದವು. ಹೆಣ್ಣು ತರುವುದೂ ಕೊಡುವುದೂ ಬಹುಕಾಲ ಕರಾವಳಿ ಆಂಧ್ರದ ಜೊತೆಗೇ ನಡೆಯಿತು. ಗಂಗಾವತಿ ಭತ್ತದ ಕಣಜವಾಯಿತು. ಇಲ್ಲಿನ ಸೋನಾ ಮಸೂರಿ ನಾಡಿನ ಅಡುಗೆಮನೆಗಳನ್ನು ಸೇರಿತು. ಈ ಶ್ರಮವನ್ನು ಕಡಿಮೆ ಮಾಡಿ ಹೇಳುವುದು ತಪ್ಪು. ಆದರೆ ಹಳೆಯ ಊರಿಗೂ ಕ್ಯಾಂಪಿಗೂ ನಡುವೆ ಬೆಳೆದ ಸಂಬಂಧ ಎಂಥದ್ದು ಎಂದು ನೋಡಬೇಕು. ಊರಿನ ಹೆಣ್ಣುಮಕ್ಕಳು ನಾಟಿಗೆ, ಕಳೆಗೆ ಕ್ಯಾಂಪಿನ ಗದ್ದೆಗೆ ಬಂದರು. ಊರಿನ ರೈತರು ಹೊಲವನ್ನು ಮಾರಿದರು ಅಥವಾ ಲೀಜಿಗೆ ಕೊಟ್ಟರು, ಎಷ್ಟೋ ಜನ ಕ್ಯಾಂಪಿನವರ ಬೇಸಾಯ ನೋಡಿ ತಾವೂ ಭತ್ತಕ್ಕೆ ಇಳಿದರು. ಕೂಲಿ, ಗುತ್ತಿಗೆ, ಸಾಲ, ಮಾರಾಟ ಎಲ್ಲವೂ ಇತ್ತು. ಹೆರಿಗೆಯ ರಾತ್ರಿ ಕೂಗಿದರೆ ಓಡಿಬರುವ ಪಕ್ಕದ ಮನೆ ಮಾತ್ರ ಅವರವರ ಕಡೆಯೇ ಉಳಿಯಿತು. ಎಪ್ಪತ್ತು ವರ್ಷ ಕಳೆದು, ಮೊಮ್ಮಕ್ಕಳು ಕನ್ನಡ ಶಾಲೆಯಲ್ಲಿ ಓದಿ, ಪಂಚಾಯಿತಿ ಚುನಾವಣೆಗೆ ನಿಂತ ಮೇಲೂ, ಬರಗಾಲದ ವರ್ಷ ನೀರಿಗೆ ಜಗಳ ಬಿದ್ದರೆ ಯಾರು ಎಲ್ಲಿಂದ ಬಂದವರು ಎಂಬ ಮಾತು ಏಳುವುದು ಇದರಿಂದಲೇ.

ನೀರಿನ ಜಗಳವನ್ನು ಇಲ್ಲಿ ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಹೊರಗಿನವರ ಮೇಲಿನ ಅತಿ ಗಟ್ಟಿಯಾದ ಆರೋಪ ಇದೇ. ಎಡದಂಡೆ ಯೋಜನೆಯನ್ನು ರೂಪಿಸಿದ್ದು ಬರಸೀಮೆಯ ಆದಷ್ಟು ಹೆಚ್ಚು ಹೊಲಗಳಿಗೆ ತೆಳ್ಳಗೆ ನೀರು ಹಂಚಲೆಂದು. ಹೆಚ್ಚಿನ ಭಾಗಕ್ಕೆ ಜೋಳ, ಹತ್ತಿ, ಶೇಂಗಾದಂಥ ಬೆಳೆ. ಭತ್ತ, ಕಬ್ಬು ಗೊತ್ತುಮಾಡಿದ ಕಡೆ ಮಾತ್ರ. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆ ಮಾನ್ವಿ, ರಾಯಚೂರು ಕಡೆಯ ಕೊನೆಯ ತೂಬುಗಳಿಗೆ ನೀರು ಮುಟ್ಟದಾಯಿತು. ಮೇಲ್ಭಾಗದಲ್ಲೇ ಎಷ್ಟೋ ಹೊಲಗಳು ಸವಳು, ಜವಳಾದವು. ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ 105ರ ಆಸುಪಾಸಿಗೆ ಇಳಿದಿದೆ, ಜಗಳ ಇನ್ನೂ ಬಿಗಿಯಾಗಿದೆ. ಭತ್ತವನ್ನು ಮೊದಲು ಹಬ್ಬಿಸಿದವರು ವಲಸೆ ಬಂದವರು ಎಂಬುದು ನಿಜ. ಆದರೆ ಲಾಭ ಕಂಡ ಮೇಲೆ ಮೇಲ್ಭಾಗದ ಕನ್ನಡದ ರೈತನೂ ಭತ್ತವನ್ನೇ ಹಾಕಿದ. ಗೊತ್ತುಮಾಡಿದ ಬೆಳೆಯನ್ನು ಕಾಯಬೇಕಾದ ಸರ್ಕಾರ ದಶಕಗಟ್ಟಲೆ ಕಾಯಲಿಲ್ಲ. ಕೊನೆಯ ತೂಬಿನ ರೈತನ ಸಂಕಟಕ್ಕೆ ಕಾರಣ ಮೇಲ್ಭಾಗ ಮತ್ತು ಕೆಳಭಾಗದ ವ್ಯತ್ಯಾಸ. ತೆಲುಗು, ಕನ್ನಡದ ವ್ಯತ್ಯಾಸವಲ್ಲ. ಹಾಗಿದ್ದೂ ದೂರು ಭಾಷೆಯ ಬಣ್ಣ ಪಡೆಯುತ್ತದೆ. ಬೇರೆ ಊಟ, ಬೇರೆ ಗುಡಿ, ಬೇರೆ ಬೀಗತನ ಇರುವ ಕಡೆ ಯಾವ ಜಗಳವೂ ಆ ಗೆರೆಯ ಮೇಲೇ ಸೀಳುತ್ತದೆ.

ಗುಂಪಾಗಿ ಬರದೆ ಇನ್ನೇನು ಮಾಡಬೇಕಿತ್ತು, ಗುರುತಿಲ್ಲದ ನಾಡಿನಲ್ಲಿ ಒಂಟಿ ಸಂಸಾರ ಉಳಿದೀತೇ ಎಂದು ಕೇಳುವವರಿಗೆ ನನ್ನಲ್ಲಿ ಸುಲಭದ ಉತ್ತರವಿಲ್ಲ. ತಿರುವಾಂಕೂರಿನ ಕ್ರೈಸ್ತ ರೈತರು 1920ರ ದಶಕದಿಂದ ಮಲಬಾರಿನ ಕಾಡುಸೀಮೆಗೆ ಹೋದ ಚರಿತ್ರೆ ಆ ಪ್ರಶ್ನೆಯನ್ನು ಇನ್ನೂ ಭಾರವಾಗಿಸುತ್ತದೆ. ಅದೂ ಒಂದು ಸಂಸ್ಥಾನ ಬಿಟ್ಟು ಬ್ರಿಟಿಷರ ಮದ್ರಾಸ್ ಪ್ರಾಂತ್ಯಕ್ಕೆ ಹೋದ ವಲಸೆಯೇ. ಅಲ್ಲಿಯೂ ತುಂಡು ಜಮೀನು ಮಾರಿ ಹಲವು ಎಕರೆ ಕೊಂಡ ಲೆಕ್ಕವೇ ಇತ್ತು. ಲೆಕ್ಕಕ್ಕೆ ಸಿಗದೆ ಉಳಿದದ್ದು ಮಲೇರಿಯಾ. ಮನೆಮನೆಯಲ್ಲಿ ಸಾವು ಕಂಡ ಆ ಜನರ ಪಾಡನ್ನೇ ಎಸ್. ಕೆ. ಪೊಟ್ಟೆಕ್ಕಾಟ್ ‘ವಿಷಕನ್ಯಕಾ’ ಕಾದಂಬರಿಯಲ್ಲಿ ಬರೆದರು. ಹೆಣ ಹೊರಲು, ಮಕ್ಕಳನ್ನು ನೋಡಿಕೊಳ್ಳಲು, ಶಾಲೆ ಕಟ್ಟಲು ಅವರಿಗೆ ಇದ್ದದ್ದು ತಮ್ಮವರು ಮತ್ತು ಚರ್ಚು. ಮುಂದೆ ಅದೇ ಜನರ ಒಂದು ಹರಿವು ದಕ್ಷಿಣ ಕನ್ನಡದ ಬೆಳ್ತಂಗಡಿ, ಸುಳ್ಯ, ಪುತ್ತೂರು ಕಡೆಗೂ ಬಂದು ರಬ್ಬರ್ ನೆಟ್ಟಿತು. 1999ರಲ್ಲಿ ಬೆಳ್ತಂಗಡಿಗೇ ಬೇರೆ ಧರ್ಮಪ್ರಾಂತ್ಯವಾಯಿತು. ಆದ್ದರಿಂದ ಗುಂಪು ಬೇಡ ಎನ್ನುವುದು ನನ್ನ ವಾದವಲ್ಲ. ಮೊದಲ ಮಳೆಗಾಲ ದಾಟಿಸುವುದು ಗುಂಪೇ. ಆದರೆ ಮೊದಲ ಮಳೆಗಾಲಕ್ಕೆಂದು ಕಟ್ಟಿಕೊಂಡ ಬೇಲಿಯನ್ನು ಹತ್ತನೆಯ ಮಳೆಗಾಲಕ್ಕೂ ಉಳಿಸಿಕೊಂಡರೆ ಅದು ಒಳಗಿರುವವರನ್ನೂ ಕಟ್ಟಿಹಾಕುತ್ತದೆ. ಇದಕ್ಕೆ ತೀರ ಎದುರಿನ ಉದಾಹರಣೆ ವಯನಾಡಿನ ಶುಂಠಿ ಬೆಳೆಗಾರರದು. ಹುಣಸೂರು, ಹೆಗ್ಗಡದೇವನಕೋಟೆ, ಶಿವಮೊಗ್ಗದ ಕಡೆ ಅವರು ಹೊಲ ಗುತ್ತಿಗೆ ಹಿಡಿಯುತ್ತಾರೆ. ಕೊಳೆರೋಗದ ಭಯಕ್ಕೆ ಅದೇ ಹೊಲದಲ್ಲಿ ಮತ್ತೆ ಶುಂಠಿ ಹಾಕದೆ ಬೇರೆ ಹೊಲ ನೋಡುತ್ತಾರೆ. ಸಾಮಾನ್ಯವಾಗಿ ಹೆಂಡತಿ ಮಕ್ಕಳು ಕೇರಳದಲ್ಲೇ. ಅವರ ಬೆಳೆ ವಲಸೆ ಬಂದಿದೆ, ಸಂಸಾರ ಬಂದಿಲ್ಲ.

ಸಂಸಾರ ಬಂದಾಗ ನಿಜವಾದ ಭಾರ ಹೊರುವವಳು ಹೆಂಗಸು. ಗಂಡಸಿಗೆ ಸಂತೆ ಇದೆ, ಬ್ಯಾಂಕು, ಗೊಬ್ಬರದಂಗಡಿ, ಎಪಿಎಂಸಿ ಇದೆ; ವ್ಯವಹಾರದ ಭಾಷೆ ಅವನ ನಾಲಿಗೆಗೆ ತಾನಾಗಿ ಬರುತ್ತದೆ. ಅವಳು ಮದುವೆಯಾಗಿ ಒಮ್ಮೆ ಊರು ಬಿಟ್ಟವಳು, ಈಗ ಎರಡನೆಯ ಸಲ ಬಿಡಬೇಕು, ಅದೂ ಭಾಷೆ ಗೊತ್ತಿಲ್ಲದ ಕಡೆಗೆ. ನಮ್ಮ ಪದ್ಧತಿಯಲ್ಲಿ ಚೊಚ್ಚಲ ಹೆರಿಗೆ, ಬಾಣಂತನ, ಮನಸ್ಸು ಕೆಟ್ಟಾಗ ನಾಲ್ಕು ದಿನದ ಬಿಡುವು ಎಲ್ಲಕ್ಕೂ ಆಸರೆ ತವರು. ಗಡಿ ದಾಟಿದ ಕೂಡಲೇ ತವರು ರಾತ್ರಿ ಬಸ್ಸಿನ ದೂರಕ್ಕೆ ಹೋಗುತ್ತದೆ. ಹೊಸ ಊರಿನಲ್ಲಿ ಅವಳಿಗೆ ಆಶಾ ಕಾರ್ಯಕರ್ತೆ ಬೇಕು, ಅಂಗನವಾಡಿ ಬೇಕು, ಸ್ತ್ರೀಶಕ್ತಿ ಸಂಘದ ವಾರದ ಉಳಿತಾಯ ಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕೇಳದೆ ಒಳಗೆ ಬರುವ ಒಬ್ಬ ಅಕ್ಕ ಬೇಕು. ಇವು ಊರಿನೊಳಗೆ ಸಿಗುತ್ತವೆ, ತೋಟದ ನಡುವಿನ ಒಂಟಿ ಮನೆಗೆ ಬರುವುದಿಲ್ಲ. ಹೀಗಾಗಿ ಜಮೀನಿನ ಮಧ್ಯೆ ಮನೆ ಕಟ್ಟುವ ಆಸೆಯನ್ನು ನಾನು ಅನುಮಾನದಿಂದಲೇ ನೋಡುತ್ತೇನೆ. ಬೆಳೆ ಕಾಯಲು ಅದು ಒಳ್ಳೆಯದು, ಮನೆಯವಳಿಗೆ ಅಲ್ಲ. ಸಂಬಂಧ ಎರಡೂ ಕಡೆ ಹರಿಯುವುದಕ್ಕೆ ಮೊದಲ ದಾರಿ ತೆರೆಯುವವಳು ಅವಳೇ ಆದ್ದರಿಂದ, ಹೋಗಬೇಕೋ ಬೇಡವೋ ಎಂಬುದರಲ್ಲಿ ಅವಳ ಮಾತು ಕೊನೆಯದಾಗಬೇಕು. ನಮ್ಮಲ್ಲಿ ಎಷ್ಟೋ ಸಲ ಅದು ಕೇಳದೇ ಉಳಿದ ಮಾತು.

ಸಂವಿಧಾನದ 19ನೆಯ ವಿಧಿ ದೇಶದ ಯಾವ ಭಾಗದಲ್ಲಾದರೂ ವಾಸಿಸುವ, ನೆಲೆಸುವ ಹಕ್ಕು ಕೊಟ್ಟಿದೆಯಲ್ಲ, ಒಂದೇ ದೇಶದೊಳಗೆ ಇಷ್ಟೊಂದು ಯೋಚನೆ ಏಕೆ ಎನ್ನಬಹುದು. ಹಕ್ಕು ಇದೆ; ಅದು ಅಮೂಲ್ಯವಾದದ್ದು. ಆದರೆ ಗಡಿ ದಾಟುವಾಗ ಕೆಲವು ಹಕ್ಕುಗಳು ಜೊತೆಗೆ ಬರುವುದಿಲ್ಲ. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಕೃಷಿಕರಲ್ಲದವರೂ ಹೊಲ ಕೊಳ್ಳಲು ಬಿಟ್ಟಿದೆ. ಹಿಮಾಚಲ ಪ್ರದೇಶದಲ್ಲಿ ಅಲ್ಲಿನ ಕೃಷಿಕರಲ್ಲದವರು ಸರ್ಕಾರದ ಅನುಮತಿಯಿಲ್ಲದೆ ಜಮೀನು ಕೊಳ್ಳುವಂತಿಲ್ಲ. ಜಾತಿಯ ವಿಚಾರ ಇನ್ನೂ ಕಠಿಣ. ಪರಿಶಿಷ್ಟರ ಪಟ್ಟಿ ರಾಜ್ಯಕ್ಕೆ ಒಂದೊಂದು. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯೊಂದಿಗೆ ಆಂಧ್ರದಿಂದ ಮುಂಬೈಗೆ ಬಂದಿದ್ದ ವಿದ್ಯಾರ್ಥಿಯೊಬ್ಬನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1990ರಲ್ಲಿ, ಹುಟ್ಟಿದ ರಾಜ್ಯದ ಪರಿಶಿಷ್ಟ ಪಂಗಡದ ಸ್ಥಾನ ವಲಸೆ ಹೋದ ರಾಜ್ಯದಲ್ಲಿ ನಡೆಯದು ಎಂದಿತು. ಅಪ್ಪನ ನಿರ್ಧಾರದ ಬೆಲೆಯನ್ನು ಮಗ ತೆತ್ತ. ಕರ್ನಾಟಕದ ಸಿಇಟಿಯ ಮುಖ್ಯ ನಿಯಮವೂ ಇಂಥದ್ದೇ: ಒಂದನೆಯ ತರಗತಿಯಿಂದ ದ್ವಿತೀಯ ಪಿಯುಸಿಯವರೆಗೆ ಕನಿಷ್ಠ ಏಳು ವರ್ಷ ಇಲ್ಲಿ ಓದಿರಬೇಕು. ಮಗ ಎಂಟನೆಯ ತರಗತಿಗೆ ಬಂದಾಗ ಗಡಿ ದಾಟಿದ ಕುಟುಂಬಕ್ಕೆ ಆ ಬಾಗಿಲು ಮುಚ್ಚಿರುತ್ತದೆ. ಹೊಲದ ಬೆಲೆ ಕೇಳುವ ಮೊದಲು ಮಗು ಎಷ್ಟನೆಯ ತರಗತಿ ಎಂದು ಕೇಳಿಕೊಳ್ಳುವುದು ಮೇಲು.

ಭಾಷೆಯ ಕಾಯ್ದೆಗಳೂ ಇದನ್ನೇ ಹೇಳುತ್ತವೆ. ತಮಿಳುನಾಡು 2006ರಲ್ಲಿ, ಕರ್ನಾಟಕ 2015ರಲ್ಲಿ, ಕೇರಳ 2017ರಲ್ಲಿ ಶಾಲೆಗಳಲ್ಲಿ ತಮ್ಮ ಭಾಷೆಯ ಕಲಿಕೆಯನ್ನು ಕಡ್ಡಾಯ ಮಾಡಿದವು. ಇಂಗ್ಲಿಷ್ ಮಾಧ್ಯಮವಿದ್ದರೆ ಸಾಕು, ಹೊಸ ಭಾಷೆ ಹೊರೆ ಎನ್ನುವ ತಂದೆತಾಯಿಗಳನ್ನು ನಾನು ಒಪ್ಪುವುದಿಲ್ಲ. ಇಂಗ್ಲಿಷಿನಿಂದ ಕೆಲಸ ಸಿಕ್ಕೀತು, ಊರು ಸಿಗದು. ಹಳ್ಳಿಯಲ್ಲಿ ಮಗುವೇ ಮನೆಯ ಮೊದಲ ದುಭಾಷಿ. ಅದು ತಂದ ಮಾತಿನಿಂದಲೇ ಅಮ್ಮ ಪಕ್ಕದ ಮನೆಯವರ ಜೊತೆ ಮಾತಿಗೆ ನಿಲ್ಲುವುದು. ಇದು ಆರು ವರ್ಷದ ಮಗುವಿಗೆ ಆಟ, ಹದಿಮೂರರ ಮಗುವಿಗೆ ಅವಮಾನ. ಇಂದು ಬೆಂಗಳೂರಿನ ಜಮೀನಿನ ಬೆಲೆಗೆ ಹೆದರಿ ಹೊಸೂರು, ಡೆಂಕಣಿಕೋಟೆ, ಮಡಕಶಿರಾ ಕಡೆ ಹೊಲ ನೋಡುವ ಕನ್ನಡದ ಕುಟುಂಬಗಳಿಗೂ ಈ ಮಾತು ಸಲ್ಲುತ್ತದೆ. ಅಲ್ಲಿ ಕನ್ನಡ ಆಡುವವರಿದ್ದಾರೆ. ತಾಳವಾಡಿಯಂಥ ಕಡೆ ಇಡೀ ಸೀಮೆಯೇ ಕನ್ನಡದ್ದು. ಆದರೂ ತಾಲ್ಲೂಕು ಕಚೇರಿಯ ಅರ್ಜಿ ತಮಿಳಿನಲ್ಲಿ, ತೆಲುಗಿನಲ್ಲಿ. ಮನೆಮಾತು ಒಂದೇ ಎಂಬ ಧೈರ್ಯದ ಮೇಲೆ ಹೊರಟವರು ಆ ಕಚೇರಿಯ ಮುಂದೆ ಮೂಕರಾಗುತ್ತಾರೆ. ಮೊದಲು ಊರೊಳಗೆ ಬಾಡಿಗೆ ಮನೆ ಹಿಡಿದು, ಬೇಸಗೆಯೂ ಮಳೆಯೂ ಕಳೆಯುವಷ್ಟು ಕಾಲ ಇದ್ದು, ಆಮೇಲೆ ಹೊಲ ಕೊಂಡರೆ ಕಳೆದುಕೊಳ್ಳುವುದು ಕಡಿಮೆ.

ಎಲ್ಲವನ್ನೂ ಬಂದವರ ಮೇಲೇ ಹೊರಿಸುವುದು ಸರಿಯಲ್ಲ. ರೇಷನ್ ಕಾರ್ಡ್ ಇಂದು ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಾದರೂ ನಡೆಯುವಂತೆ ಮಾಡಿದ್ದೇವೆ. ಅಕ್ಕಿಗೆ ಸಾಧ್ಯವಾದದ್ದು ಓದಿಗೆ ಏಕೆ ಆಗಬಾರದು? ಭಾಷೆ ಕಡ್ಡಾಯ ಮಾಡುವ ರಾಜ್ಯ, ಏಳು, ಎಂಟನೆಯ ತರಗತಿಗೆ ಹೊರಗಿನಿಂದ ಬಂದ ಮಗುವಿಗೆ ಆ ಭಾಷೆಯನ್ನು ಅಕ್ಷರದಿಂದ ಕಲಿಸುವ ಒಬ್ಬ ಶಿಕ್ಷಕರನ್ನೂ ಕೊಡಬೇಕು. ಹೋಬಳಿಗೆ ಒಬ್ಬರಿದ್ದರೂ ಆದೀತು. ಅದೇ ಸಂಜೆ, ಅದೇ ಕೋಣೆಯಲ್ಲಿ, ಆ ಮಕ್ಕಳ ತಾಯಂದಿರಿಗೂ ಜಾಗವಿರಲಿ.