ಎರಡು ದೋಣಿಗಳ ನಡುವೆ

ಎರಡು ದೋಣಿಗಳಲ್ಲಿ ಕಾಲಿಡಬಾರದೆಂದು ಹಿರಿಯರು ಹೇಳುವರು. ಮಾತೇನೋ ದಿಟ, ಆದರೆ ಆ ಎರಡರಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಗಾದೆಯು ಹೇಳುವುದಿಲ್ಲ. ದೋಣಿಗಳೆರಡೂ ತೀರ ಭಿನ್ನವಾಗಿದ್ದರೆ ಆಯ್ಕೆಯು ಕಷ್ಟವಲ್ಲ. ಅವು ಅವಳಿ ಮಕ್ಕಳಂತೆ ಒಂದನ್ನೊಂದು ಹೋಲುತ್ತಿದ್ದಾಗಲೇ ಕೊಳ್ಳುವವನ ಬುದ್ಧಿಗೆ ನಿಜವಾದ ಪರೀಕ್ಷೆ. ಆಗ ಅವನು ಬಣ್ಣವನ್ನು ನೋಡುತ್ತಾನೆ, ಬೆಲೆಯನ್ನು ನೋಡುತ್ತಾನೆ, ಮಾರುವವನ ಮುಖವನ್ನು ನೋಡುತ್ತಾನೆ, ನೋಡಬೇಕಾದುದೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ನೋಡುತ್ತಾನೆ.

ಕುಂದಾಪುರಕ್ಕೆದುರಾಗಿ ಗಂಗೊಳ್ಳಿಯ ಬಳಿ ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ ಮೊದಲಾದ ಐದು ಹೊಳೆಗಳು ಒಂದುಗೂಡಿ ಪಂಚಗಂಗಾವಳಿಯೆಂಬ ಹೆಸರಿನಿಂದ ಕಡಲನ್ನು ಸೇರುವುವು. ಈ ನೀರಿನ ಹರವಿನಲ್ಲಿ ಅಲ್ಲಲ್ಲಿ ತೆಂಗುಗಳಿಂದ ಕಿಕ್ಕಿರಿದ ಕುದ್ರುಗಳುಂಟು. ಅಂತಹ ಒಂದು ಕುದ್ರುವಿನ ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು, ಅವರ ಹೆಂಡಿರು ಮಕ್ಕಳು, ಎಪ್ಪತ್ತು ದಾಟಿದ ತಾಯಿ, ಇಷ್ಟು ಜನ ಕೂಡಿ ಬಾಳುತ್ತಿದ್ದರು. ಅಣ್ಣನು ಅಳಿವೆಯನ್ನು ದಾಟಿ ಕಡಲಿನಲ್ಲಿ ಬಲೆ ಹಾಕುವವನು. ತಮ್ಮನು ಪೇಟೆಯ ಶಾಲೆಯಲ್ಲಿ ಉಪಾಧ್ಯಾಯ. ಅವರ ಹೆಬ್ಬಲಸಿನ ಹಳೆಯ ದೋಣಿಯು ವರ್ಷವರ್ಷವೂ ಮೀನೆಣ್ಣೆಯನ್ನು ಕುಡಿದು ಎರಡು ತಲೆಮಾರುಗಳನ್ನು ಸಾಕಿ ಕಡೆಗೆ ತಳವೊಡೆದು ದಡದಲ್ಲಿ ಕುಳಿತಿತು. ಇನ್ನು ಹೊಸದು ಬೇಕು. ಅದೂ ಎರಡಲ್ಲ, ಒಂದೇ. ಆ ಒಂದರಲ್ಲಿಯೇ ಅಣ್ಣನ ಬಲೆಯೂ ಮಕ್ಕಳ ಪಾಟಿಚೀಲವೂ ಹೋಗಬೇಕು. ಬಂಗುಡೆಯ ಬುಟ್ಟಿಯೂ ಮದುವೆಗೆ ಹೊರಟ ಹೆಂಗಸರೂ ಹೋಗಬೇಕು. ನಡುರಾತ್ರಿಯಲ್ಲಿ ತಾಯಿಗೆ ಉಬ್ಬಸ ಹೆಚ್ಚಿದರೆ ಅವಳೂ ಅದರಲ್ಲಿಯೇ ವೈದ್ಯರಲ್ಲಿಗೆ ಹೋಗಬೇಕು.

ಈಗ ಕರಾವಳಿಯಲ್ಲಿ ಮರದ ಸ್ಥಾನವನ್ನು ಬಹುಮಟ್ಟಿಗೆ ಫೈಬರ್ ಆಕ್ರಮಿಸಿದೆ. ಗಾಜನ್ನು ಕೂದಲೆಳೆಗಿಂತ ನವುರಾಗಿ ನೂತು, ಆ ನೂಲಿನ ಹಾಸುಗಳನ್ನು ಅಚ್ಚಿನೊಳಗೆ ಹರಡಿ, ಪಾಲಿಯೆಸ್ಟರ್ ಅಂಟನ್ನು ಕುಡಿಸಿ ಗಟ್ಟಿಗೊಳಿಸಿದುದೇ ಫೈಬರ್ ದೋಣಿ. ಅಮೆರಿಕದ ಓಹಾಯೋ ಪ್ರಾಂತದಲ್ಲಿ ರೇ ಗ್ರೀನ್ ಎಂಬಾತನು 1942ರಲ್ಲಿ ಇಂತಹ ದೋಣಿಯೊಂದನ್ನು ಕಟ್ಟಿದನು. ಅದರ ಹಿಂಬದಿಗೆ ತಗುಲಿಸುವ ಔಟ್‌ಬೋರ್ಡ್ ಯಂತ್ರವು ಇನ್ನೂ ಹಳೆಯದು. ನಾರ್ವೆಯಲ್ಲಿ ಹುಟ್ಟಿ ಅಮೆರಿಕದ ಮಿಲ್ವಾಕಿಯಲ್ಲಿ ನೆಲೆಸಿದ ಓಲೆ ಎವಿನ್‌ರೂಡನು 1909ರಲ್ಲಿ ಅದನ್ನು ಮಾರಾಟಕ್ಕೆ ತಂದನು. ಸರೋವರದ ನಡುವಣ ದ್ವೀಪದಲ್ಲಿ ವನಭೋಜನಕ್ಕೆ ಕುಳಿತಿದ್ದ ತನ್ನ ಪ್ರಿಯೆಗಾಗಿ ಆತನು ಐಸ್‌ಕ್ರೀಮನ್ನು ತರಲು ಹುಟ್ಟು ಹಾಕಿ ಬಳಲಿದನೆಂದೂ, ತರುವಷ್ಟರಲ್ಲಿ ಅದು ಕರಗಿಹೋಯಿತೆಂದೂ, ಆ ಬಳಲಿಕೆಯಿಂದಲೇ ಯಂತ್ರದ ಯೋಚನೆ ಹೊಳೆಯಿತೆಂದೂ ಕಥೆಯುಂಟು. ಕಥೆ ಎಷ್ಟು ನಿಜವೋ! ಅಂತೂ ಈ ಯಂತ್ರಕ್ಕೆ ಸಂಸಾರದ ನಂಟು ಹುಟ್ಟಿನಿಂದಲೇ ಬಂದುದು.

ಅಣ್ಣತಮ್ಮಂದಿರು ಹಲವು ಕಡೆ ತಿರುಗಿ ಕಡೆಗೆ ಎರಡು ದೋಣಿಗಳಲ್ಲಿ ಬಂದು ನಿಂತರು. ಎರಡೂ 18 ಅಡಿ ಉದ್ದ. ಎರಡರ ಬಣ್ಣವೂ ಬಿಳಿದು. ಎರಡಕ್ಕೂ ಹೊಂದುವ ಯಂತ್ರ ಒಂದೇ. ಇಷ್ಟು ಹೋಲಿಕೆ ಆಶ್ಚರ್ಯವೇನೂ ಅಲ್ಲ. ಹೆಸರುಗೊಂಡ ದೋಣಿಯ ಮೇಲೆಯೇ ಅಚ್ಚು ತೆಗೆದು ಮತ್ತೊಂದನ್ನು ಎರೆಯುವ ವಾಡಿಕೆ ಈ ಕಸುಬಿನಲ್ಲಿ ಲೋಕದ ಎಲ್ಲೆಡೆಯಲ್ಲಿಯೂ ಉಂಟು. ಆದರೆ ಹತ್ತಿರ ಹೋಗಿ ನೋಡಿದರೆ ಇವುಗಳಲ್ಲಿ ಎರಡು ಭೇದಗಳಿದ್ದುವು. ಒಂದರ ತಳವು ನೇಗಿಲ ಗುಳದಂತೆ ಚೂಪು, ಅಗಲ 5 ಅಡಿ. ಇನ್ನೊಂದರ ತಳವು ಮೊರದಂತೆ ಹರವು, ಅಗಲ ಐದೂವರೆ ಅಡಿ. ಬೆಲೆಯೂ ತುಸು ಹೆಚ್ಚು.

ಅಣ್ಣನು ಎರಡನ್ನೂ ಒಬ್ಬನೇ ಅಳಿವೆಯ ವರೆಗೆ ನಡೆಯಿಸಿ ನೋಡಿದನು. ಚೂಪು ತಳದ್ದು ಮೊಸರಿನಲ್ಲಿ ಕತ್ತಿಯಾಡಿದಂತೆ ಅಲೆಗಳನ್ನು ಸೀಳಿಕೊಂಡು ಹೋಯಿತು. ಹರವು ತಳದ್ದು ಒಂದೊಂದು ಅಲೆಗೂ ಧೊಪ್ಪೆಂದು ಬಿದ್ದು ಅವನ ಬೆನ್ನೆಲುಬನ್ನು ಎಣಿಸಿತು. ಮರಳಿ ಬಂದವನೇ ತೀರ್ಪು ಕೊಟ್ಟನು: ಚೂಪಿನದೇ ಆಗಲಿ. ದಿನವೂ ಕಡಲಿಗೆ ಮೈಯೊಡ್ಡುವವನು ಅವನು. ಅವನ ಮಾತನ್ನು ತಳ್ಳುವವರಾರು?

ಆದರೆ ಉಪಾಧ್ಯಾಯನಾದ ತಮ್ಮನು ಲೆಕ್ಕದವನು. ನೀರಿನ ಮೇಲೆ ಕುಳಿತ ದೋಣಿಗೆ ಅದರ ಆಕಾರದಿಂದ ಬರುವ ಸ್ಥಿರತೆಯು ಉದ್ದವನ್ನು ಹೆಚ್ಚಿಸಿದರೆ ಅಷ್ಟಕ್ಕಷ್ಟೇ ಹೆಚ್ಚುವುದು. ಅಗಲವನ್ನು ಹೆಚ್ಚಿಸಿದರೋ ಅದರ ಘನದಂತೆ ಹೆಚ್ಚುವುದು. ಐದು ಅಡಿಗೆ ಅರ್ಧ ಅಡಿಯನ್ನು ಕೂಡಿಸಿದರೆ ಅಗಲ ಹೆಚ್ಚಿದ್ದು ಹತ್ತರಲ್ಲಿ ಒಂದು ಪಾಲು ಮಾತ್ರ. ಮಗ್ಗುಲಿಗೆ ವಾಲದಂತೆ ತಡೆಯುವ ಬಲವು ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು. ಕಣ್ಣಿಗೆ ಅಲ್ಪವಾಗಿ ಕಂಡ ಆರು ಅಂಗುಲ ನೀರಿನಲ್ಲಿ ಅಲ್ಪವಲ್ಲ. ಹಾಗೆಯೇ, ಓಡುವಾಗ ಸುಖವಾಗಿರುವ ಚೂಪು ತಳವು ನಿಂತಾಗ ತೊಟ್ಟಿಲಿನಂತೆ ತೂಗುವುದು. ಓಡುವಾಗ ಕುಟ್ಟುವ ಹರವು ತಳವು ನಿಂತಾಗ ಜಗಲಿಯಂತೆ ಕುಳಿತಿರುವುದು. ಲೆಕ್ಕವನ್ನೆಲ್ಲ ಕೇಳಿ ಅಣ್ಣನು ನಕ್ಕು, “ಕಡಲಿಗೆ ನಿನ್ನ ಗಣಿತ ಬರುವುದಿಲ್ಲ, ತಮ್ಮಾ” ಎಂದನು.

ಆಗ ಜಗಲಿಯ ಮೇಲೆ ಕುಳಿತಿದ್ದ ತಾಯಿಯು ಕೇಳಿದಳು: “ಮೀನು ಹಾಕಿದಲ್ಲಿ ಬಿದ್ದಿರುತ್ತದೆ, ಮಗಾ. ಮಕ್ಕಳು ಕೂರಿಸಿದಲ್ಲಿ ಕೂರುತ್ತಾವೆಯೆ?”

ಈ ಒಂದು ಮಾತಿನಲ್ಲಿ ಇಡೀ ವಿಷಯದ ತಿರುಳು ಅಡಗಿತ್ತು. ಬಲೆ, ಮೀನು, ಮಂಜುಗಡ್ಡೆ ಇವೆಲ್ಲ ದೋಣಿಯ ತಳದಲ್ಲಿ ಕುಳಿತು ಭಾರವನ್ನು ಕೆಳಕ್ಕೆ ಇಳಿಸುವುವು. ಮನುಷ್ಯರು ಹಲಗೆಯ ಮೇಲೆ ಎತ್ತರದಲ್ಲಿ ಕುಳಿತುಕೊಳ್ಳುವರು, ಏಳುವರು, ಬೆಳ್ಳಕ್ಕಿ ಕಂಡಿತೆಂದು ಎಲ್ಲರೂ ಒಂದೇ ಮಗ್ಗುಲಿಗೆ ಬಾಗುವರು. ತೂಕ ಒಂದೇ ಆಗಿದ್ದರೂ ದೋಣಿಯ ಪಾಲಿಗೆ ಆ ಎರಡು ಹೊರೆಗಳು ಒಂದೇ ಅಲ್ಲ. ಅಣ್ಣನು ಒಬ್ಬನೇ ನಡೆಯಿಸಿ ನೋಡಿದ್ದು ಮೀನಿನ ದೋಣಿಯನ್ನು. ಮನೆಯ ದೋಣಿಯನ್ನು ಇನ್ನೂ ಯಾರೂ ನೋಡಿರಲಿಲ್ಲ.

ಮರುದಿನ ಮನೆಯವರೆಲ್ಲರನ್ನೂ ಹತ್ತಿಸಿ, ದಡದ ಪಕ್ಕದಲ್ಲಿ ಮೊಣಕಾಲುದ್ದದ ನೀರಿನಲ್ಲಿಯೇ ಎರಡನ್ನೂ ಪರೀಕ್ಷಿಸಿದರು. ಎಲ್ಲರೂ ಒಂದೇ ಅಂಚಿಗೆ ಸರಿದಾಗ ಕಿರಿದಾದುದರಲ್ಲಿ ಅಂಚಿಗೂ ನೀರಿಗೂ ನಡುವೆ ಉಳಿದುದು ನಾಲ್ಕು ಬೆರಳು. ಅಗಲವಾದುದರಲ್ಲಿ ಒಂದು ಗೇಣು. ಇಳಿತದ ಹೊತ್ತಿನಲ್ಲಿ ಕುದ್ರುವಿನ ಮೆಟ್ಟಿಲಿಗೆ ತಂದಾಗ ಚೂಪು ತಳದ್ದು ಹತ್ತು ಮಾರು ದೂರದಲ್ಲಿಯೇ ಕೆಸರನ್ನು ಹಿಡಿದು ನಿಂತಿತು. ಹರವು ತಳದ್ದು ಯಂತ್ರವನ್ನು ಮೇಲಕ್ಕೆತ್ತಿ ಗಳದಿಂದ ಒತ್ತಿದರೆ ಮೆಟ್ಟಿಲನ್ನೇ ಮುಟ್ಟಿತು. ಉಬ್ಬಸವು ಭರತವನ್ನು ಕಾದು ಬರುವುದಿಲ್ಲವಷ್ಟೆ.

ಕಣ್ಣಿಗೆ ಕಾಣದ ಭೇದಗಳನ್ನೂ ಅವರು ಹುಡುಕಿದರು. ಮರವು ಒಡೆದರೂ ತೇಲುವುದು. ಗಾಜು ಅಂಟು ಕೂಡಿದ ಈ ವಸ್ತುವೋ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದು. ಒಳಗೆ ಗಾಳಿಪೆಟ್ಟಿಗೆಯೋ ಹಗುರಾದ ನೊರೆಯ ತುಂಬುವೋ ಇಲ್ಲದಿದ್ದರೆ ನೀರು ತುಂಬಿದ ಫೈಬರ್ ದೋಣಿ ಯಂತ್ರದೊಡನೆ ಮುಳುಗಿಯೇ ಹೋಗುವುದು. ಇದನ್ನು ಕೇಳದೆ ಕೊಂಡವನು ಬಣ್ಣವನ್ನು ಕೊಂಡನೇ ಹೊರತು ದೋಣಿಯನ್ನಲ್ಲ. ಯಂತ್ರವು ತೂಗುವ ಹಿಂಬದಿಯ ಗೋಡೆಯೊಳಗೆ ಸಾಮಾನ್ಯವಾಗಿ ಮರದ ಹಲಗೆಯಿರುವುದು. ಬೋಲ್ಟಿನ ತೂತಿನಿಂದ ನೀರಿಳಿದರೆ ಅದು ಹೊರಗೆ ತಿಳಿಯದಂತೆ ಕೊಳೆಯುವುದು. ನಾಣ್ಯದಿಂದ ತಟ್ಟಿದಾಗ ಕಣ್ಣೆಂದು ನುಡಿದರೆ ಸರಿ. ಮಂಕಾಗಿ ನುಡಿದರೆ ಸಂಶಯ. ಎರಡೂ ಕಣ್ಣೆಂದುವು. ಗಾಳಿಪೆಟ್ಟಿಗೆಗಳೂ ಎರಡರಲ್ಲಿ ಸಮವಾಗಿದ್ದುವು. ಹೀಗೆ ಉಳಿದುದು ಆ ಎರಡೇ ಭೇದಗಳು.

ಆದರೂ ಅಣ್ಣನ ಪಕ್ಷದಲ್ಲಿ ನ್ಯಾಯವಿತ್ತು. ಹರವು ತಳವನ್ನು ಕೊಂಡರೆ ಗಾಳಿಯೆದ್ದ ದಿನಗಳಲ್ಲಿ ಅವನು ಅಳಿವೆಯ ಹೊರಗೆ ಹೋಗಲಾರನು. ಅಳಿವೆಯಲ್ಲಿ ಹೋಗುವುದಕ್ಕಿಂತ ಬರುವುದು ಕಠಿಣ. ಹಿಂದಿನಿಂದ ಬಂದ ಅಲೆಯು ದೋಣಿಯ ಹಿಂಬದಿಯನ್ನೆತ್ತಿ, ಮೂತಿಯನ್ನು ನೀರಿಗೂರಿ, ಅಡ್ಡಲಾಗಿ ತಿರುಗಿಸಿ ಮಗುಚುವುದು. ಅಗಲವಾದ ದೋಣಿಯೂ ಇದಕ್ಕೆ ಹೊರತಲ್ಲ. ಕೈತಪ್ಪಿದ ಒಂದೊಂದು ದಿನವೂ ಅವನ ಸಂಪಾದನೆಯಿಂದ ಕಳೆದುಹೋಗುವುದು. ತಾಯಿಯ ಮಾತು ಎಷ್ಟೇ ಸರಿಯಾಗಿದ್ದರೂ ಅದರ ಬೆಲೆಯನ್ನು ತೆರಬೇಕಾದವನು ಒಬ್ಬನೇ ಮಗ.

ಅದನ್ನು ತಮ್ಮನು ಅರಿತನು. ಹೆಚ್ಚಿನ ಬೆಲೆಯನ್ನು ತಾನು ಕೊಡುವೆನೆಂದನು. ಅಷ್ಟೇ ಅಲ್ಲ, ಕಡಲು ಕೆರಳಿದ ದಿನಗಳಲ್ಲಿ ಅಣ್ಣನು ಹೊಳೆಯೊಳಗೇ ಕಾಣೆಗೂ ಸಿಗಡಿಗೂ ಬಲೆ ಹಾಕಲಿ, ಆ ತಿಂಗಳ ಕೊರತೆಯನ್ನು ತನ್ನ ಸಂಬಳದಿಂದ ಮನೆಖರ್ಚಿಗೆ ತುಂಬುವೆನೆಂದನು. ಅಣ್ಣನು ಬಹಳ ಹೊತ್ತು ಮಾತಾಡಲಿಲ್ಲ. ಕಡೆಗೆ, ಮಳೆಗಾಲವೆಲ್ಲ ದೋಣಿಯು ಹೊಳೆಯಲ್ಲಿಯೇ ಇರತಕ್ಕದ್ದೆಂದೂ, ಉಳಿದ ಕಾಲದಲ್ಲಿಯೂ ಕಡಲಿಗೆ ಒಮ್ಮೆ ಹೋದರೆ ಪೇಟೆಗೆ ನಾಲ್ಕು ಬಾರಿ ದಾಟುವುದಿದೆಯೆಂದೂ ತಾನೇ ಎಣಿಸಿ ಹೇಳಿದನು. ಹರವು ತಳದ ದೋಣಿ ಕುದ್ರುವಿಗೆ ಬಂದಿತು. ಅದರೊಡನೆ ಎಲ್ಲರಿಗೂ ತೇಲುಕವಚಗಳು ಬಂದುವು. ಯಂತ್ರ ನಡೆಯಿಸುವವನು ನೀರಿಗೆ ಬಿದ್ದರೆ ತಾನಾಗಿ ಕಿತ್ತು ಯಂತ್ರವನ್ನು ನಿಲ್ಲಿಸುವ ದಾರವನ್ನು ಅಣ್ಣನು ಮೊದಲು ಹಾಸ್ಯಮಾಡಿ, ಆಮೇಲೆ ಮಣಿಕಟ್ಟಿಗೆ ಕಟ್ಟಿಕೊಂಡನು.

ಮಾರುಕಟ್ಟೆಯಲ್ಲಿ ಎರಡು ವಸ್ತುಗಳನ್ನು ಅಕ್ಕಪಕ್ಕದಲ್ಲಿಟ್ಟು ಯಾವುದು ಒಳ್ಳೆಯದೆಂದು ಕೇಳುವುದು ಲೋಕದ ರೂಢಿ. ದೋಣಿಯ ವಿಷಯದಲ್ಲಿ ಆ ಪ್ರಶ್ನೆಗೆ ಉತ್ತರವೇ ಇಲ್ಲ; ಯಾರನ್ನು ಹೊತ್ತು, ಯಾವ ನೀರಿನಲ್ಲಿ, ಯಾವ ಹೊತ್ತಿಗೆ ಎಂದು ಕೇಳಿದರೆ ಉತ್ತರವಿದೆ. ಹುಟ್ಟು ಹಾಕಬಲ್ಲ ಗಟ್ಟಿಗನನ್ನು ಎಂತಹ ದೋಣಿಯಾದರೂ ದಡ ಮುಟ್ಟಿಸೀತು. ಈಜು ಬಾರದ ಮಗುವನ್ನೂ ಮೊಣಕಾಲು ನಡುಗುವ ಮುದುಕಿಯನ್ನೂ ಇಳಿತದ ಕತ್ತಲೆಯಲ್ಲಿ ಮೆಟ್ಟಿಲಿಗೆ ಸೇರಿಸುವುದಾವುದೋ ಅದು ಮನೆಯ ದೋಣಿ. ಬೆನ್ನು ನೋಯುವ ದಿನಗಳಲ್ಲಿ ಅಣ್ಣನು ಇಂದಿಗೂ ಅದನ್ನು ಬೈಯುತ್ತಾನೆ; ಬೈದು ಕೆಳಗಿಳಿದು, ಮಕ್ಕಳು ಹತ್ತುವಾಗ ಅಲುಗದಿರಲೆಂದು ಅದರ ಅಂಚನ್ನು ತಾನೇ ಹಿಡಿದು ನಿಲ್ಲುತ್ತಾನೆ.