ಬಾಯಿ ಎಂಬ ಎರಡಕ್ಷರ

ಮುಗದ ಸ್ಟೇಶನ್ನಿನಲ್ಲಿ ರೈಲು ಹತ್ತಿ ಧಾರವಾಡದ ಕಾಲೇಜಿಗೆ ಹೋದ ಮಂದಿ ನಾವು. ನಮ್ಮ ಮನೆಗಳಲ್ಲಿ ಡಿಗ್ರಿ ಕಾಗದ ಮೊದಲು ಕಂಡವರು. ಹಾಡು ಅಂದರೆ ನಮಗೆ ಅವ್ವಂದಿರ ಹಾಡು: ಭತ್ತದ ಕಳೆ ತೆಗೆಯುವಾಗಿನದು, ಬೀಸುವಾಗಿನದು, ಹೆಣದ ಮುಂದಿನದು. ಶಾಸ್ತ್ರೀಯ ಸಂಗೀತ ಅಂದರೆ ಶಾಲು ಹೊದ್ದವರದು, ಮುಂದಿನ ಸಾಲಿನ ಖುರ್ಚಿಯವರದು. ‘ಹೊಟ್ಟಿ ತುಂಬಿದವರು ಆ ಆ ಅಂತ ಒದರ್ತಾರ’ ಎಂದು ನಕ್ಕು ಎದ್ದುಹೋದವರು ನಾವು.

ಹಾಸ್ಟೆಲ್ಲಿನಲ್ಲಿ ಒಂದು ರಾತ್ರಿ ಗೆಳೆಯನೊಬ್ಬ ಮೊಬೈಲಿನಲ್ಲಿ ಹಾಡು ಹಚ್ಚಿದ. ದಪ್ಪ ದನಿ. ಅವಸರವೇ ಇಲ್ಲ. ಒಂದು ಸ್ವರದ ಮೇಲೆ ಕಾಲೂರಿ ನಿಂತು, ಆಮೇಲೆ ಮುಂದಿನದಕ್ಕೆ ಹೆಜ್ಜೆ ಇಡುವ ದನಿ.

‘ಯಾರಪಾ ಈ ಮುದುಕ?’ ಅಂದೆವು.

‘ಮುದುಕ ಅಲ್ಲೋ, ಗಂಗೂಬಾಯಿ ಹಾನಗಲ್.’

ಅಂದು ನಮ್ಮ ನಗು ನಿಂತಿತು. ಯಾಕಂದರೆ ಆ ಬದುಕಿನ ಕತೆ ನಮಗೆ ತೀರ ಹತ್ತಿರದ್ದು.

ಗಂಗೂಬಾಯಿ ಹುಟ್ಟಿದ್ದು 1913ರಲ್ಲಿ, ನಾವು ರೈಲಿಳಿಯುವ ಅದೇ ಧಾರವಾಡದಲ್ಲಿ. ಗಂಗಾಮತದ ಹಾಡುವವರ ಮನೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತದ ಗಾಯಕಿ. ಮಗಳ ಒಲವು ಹಿಂದೂಸ್ತಾನಿಯ ಕಡೆ ಎಂದು ಕಂಡಾಗ, ಆಕೆಯ ಕಲಿಕೆಗೆ ಅಡ್ಡಿಯಾಗಬಾರದೆಂದು ತನ್ನ ಹಾಡನ್ನೇ ಬಿಟ್ಟ ತಾಯಿ. ನಾವು ಓದಲೆಂದು ನಮ್ಮ ಅವ್ವಂದಿರು ಏನೇನು ಬಿಟ್ಟರೆಂದು ನಾವು ಎಂದಾದರೂ ಕೇಳಿದ್ದೇವೆಯೇ?

ಹುಡುಗಿ ಪಕ್ಕದ ತೋಟದ ಮಾವಿನಹಣ್ಣಿಗೆ ಕೈ ಹಾಕಿದಳು. ಬೈಗುಳ ಬಿತ್ತು. ಹಣ್ಣು ಹೋಯಿತೆಂದಲ್ಲ, ಹಾಡುವವರ ಮಗಳು ತೋಟದಲ್ಲಿ ಕಾಲಿಟ್ಟಳೆಂದು. ಮುಂದೆ ಹೆಸರು ಬಂದಮೇಲೆ ಅದೇ ಜನ ಮನೆಗೆ ಕರೆದರಂತೆ. 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಗಾಂಧೀಜಿಯ ಎದುರು ಸ್ವಾಗತಗೀತೆ ಹಾಡಿದಾಗ ಆಕೆಗೆ ಹನ್ನೊಂದು ವರ್ಷ. ಹಾಡಿನ ಹೆದರಿಕೆ ಇರಲಿಲ್ಲ. ಊಟವಾದ ಮೇಲೆ ಎಂಜಲು ಬಳಿಯಲು ಹೇಳಿದರೆ ಏನು ಮಾಡುವುದು ಎಂಬ ಹೆದರಿಕೆ. ಇದನ್ನು ದೊಡ್ಡವಳಾದ ಮೇಲೂ ಆಕೆ ಮರೆಯಲಿಲ್ಲ. ಮರೆಯಲು ಸಾಧ್ಯವೇ? ಸ್ನೇಹಿತನ ಮನೆಯೊಂದರಲ್ಲಿ ಚಹಾ ಕುಡಿದ ಲೋಟ ನಮಗೇ ತೊಳೆಯಲು ಕೊಟ್ಟದ್ದನ್ನು ನಾವು ಮರೆತಿದ್ದೇವೆಯೇ?

ಮನೆತನ ಹುಬ್ಬಳ್ಳಿಗೆ ಬಂತು. ಕುಂದಗೋಳದಲ್ಲಿ ಗುರು ಸವಾಯಿ ಗಂಧರ್ವ. ಗಂಗೂಬಾಯಿ ರೈಲಿನಲ್ಲಿ ಹೋಗಿ ಬಂದು ಕಲಿತರು. ಭೀಮಸೇನ ಜೋಶಿಯವರು ಅದೇ ಗುರುವಿನ ಶಿಷ್ಯರು. ಬೀದಿಯಲ್ಲಿ ಮಂದಿ ‘ಗಾನೇವಾಲಿ’ ಎಂದು ಹೀಯಾಳಿಸಿದರು. ಗಂಟಲಿಗೆ ಟಾನ್ಸಿಲ್ ಬೇನೆ ಬಂತು, ಅದರ ಚಿಕಿತ್ಸೆಯ ಮೇಲೆ ದನಿಯೇ ಬದಲಾಯಿತು. ಹೆಣ್ಣಿನ ದನಿ ತೆಳ್ಳಗೆ, ಇಂಪಾಗಿ ಇರಬೇಕೆನ್ನುವ ಲೋಕದ ಮುಂದೆ ಆಕೆ ಆ ದಪ್ಪ ದನಿಯನ್ನೇ ಹಿಡಿದು ಕೂತರು. ಮೊದಲು ಹಾಡುತ್ತಿದ್ದ ಭಜನೆ, ಠುಮ್ರಿ ಬಿಟ್ಟು ಖಯಾಲನ್ನೇ ನೆಚ್ಚಿದರು.

ಖಯಾಲಿನಲ್ಲಿ ಬಂದಿಶ್ ಎರಡು ನಾಲ್ಕು ಸಾಲು. ಉಳಿದದ್ದೆಲ್ಲ ಮಂದಿಯ ಎದುರಿಗೆ, ಆಗಲೇ ಕಟ್ಟಬೇಕು. ನಮ್ಮೂರ ಕುಂಬಾರರು ತಿಗರಿಯ ಮೇಲೆ ಒಂದು ಮುದ್ದೆ ಮಣ್ಣಿಟ್ಟು ಗಡಿಗೆ ಎತ್ತಿದ ಹಾಗೆ. ಮಣ್ಣು ಯಾರದಾದರೂ ಇರಲಿ, ಗಡಿಗೆ ಕೈಯವರದು. ಆ ರಾಗವನ್ನು ಅಷ್ಟೆತ್ತರ ಕಟ್ಟಿದವರು ಗಂಗೂಬಾಯಿ. ಅದು ಶಾಲಿನವರ ಸಂಗೀತ ಎಂದು ನಾವು ಬಿಟ್ಟುಕೊಟ್ಟದ್ದು ನಮ್ಮದೇ ತಪ್ಪು.

1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ. 2009ರ ಜುಲೈ 21ರಂದು ಹುಬ್ಬಳ್ಳಿಯಲ್ಲಿ ತೀರಿಕೊಂಡಾಗ ಕಣ್ಣು ದಾನಮಾಡಿ ಹೋದರು. ಆದರೆ ಆಕೆಯ ಒಂದು ಮಾತು ನಮ್ಮನ್ನು ಇನ್ನೂ ಚುಚ್ಚುತ್ತದೆ: ಹಾಡುವ ಗಂಡಸು ಮುಸಲ್ಮಾನನಾದರೆ ಉಸ್ತಾದನಾಗುತ್ತಾನೆ, ಹಿಂದೂವಾದರೆ ಪಂಡಿತನಾಗುತ್ತಾನೆ, ಕೇಸರಬಾಯಿ, ಮೋಗೂಬಾಯಿಯಂಥವರು ಮಾತ್ರ ಬಾಯಿಯಾಗಿಯೇ ಉಳಿದರು ಎಂಬುದು.

ಬಾಯಿ! ಹಾಡಲು ಬೇಕು, ಮಾತಾಡಲು ಬೇಡ.

ಗೆಳೆಯರೇ, ಬೆರಳನ್ನು ಬೇರೆಯವರ ಕಡೆ ತೋರಿಸಿ ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಹೋದ ತಿಂಗಳು ನಮ್ಮೂರಲ್ಲಿ ನಾವೇ ಒಂದು ಸಭೆ ಮಾಡಿದೆವು. ಸಮಾನತೆಯ ಮೇಲೆ ಐದು ಭಾಷಣ, ಐವರೂ ಗಂಡಸರು. ಮೊದಲಿಗೆ ನಮ್ಮ ಓಣಿಯ ತಂಗಿಯೊಬ್ಬಳು ಹೋರಾಟದ ಹಾಡು ಹಾಡಿದಳು. ಚಪ್ಪಾಳೆ ಹೊಡೆದೆವು. ಆಕೆ ವೇದಿಕೆ ಇಳಿದು ನೇರ ಚಹಾ ಕಾಸಲು ಹೋದಳು. ಸಂಜೆ ಕಪ್ಪು ತೊಳೆಯುತ್ತ ಕೇಳಿದಳು:

‘ಅಣ್ಣಾ, ಹಾಡಾಕ ನಾ ಬೇಕು. ಕರಪತ್ರದಾಗ ನನ್ನ ಹೆಸರ್ಯಾಕಿಲ್ಲ?’

ನಮಗೆ ಬಾಯಿ ಬರಲಿಲ್ಲ. ಎಂಜಲಿಗೆ ಹೆದರಿದ ಆ ಹನ್ನೊಂದರ ಹುಡುಗಿ ನೆನಪಾದಳು. ಈ ಸಲ ಎಂಜಲು ನಮ್ಮದಾಗಿತ್ತು.

ಮುಂದಿನ ಸಭೆಯ ಕರಪತ್ರ ಬರೆದಾಗಿದೆ. ತಂಗಿಯ ಹೆಸರು ಭಾಷಣಕಾರರ ಸಾಲಿನಲ್ಲಿ ಮೊದಲಿದೆ. ಹಾಡುವುದೋ ಮಾತಾಡುವುದೋ ಆಕೆಗೆ ಬಿಟ್ಟದ್ದು. ಕಪ್ಪು ನಾವು ತೊಳೆಯುತ್ತೇವೆ.